ಗಂಡಂದೊಂದು ಸಿಬಿಲ್, ಹೆಂಡತೀದೊಂದು ಸಿಬಿಲ್

ನಮ್ಮ ಜಮಖಂಡಿ ಕಡೆ ಹೆಣ್ಣು ಕೊಡುವ ಮೊದಲು ಏನೇನು ವಿಚಾರಿಸ್ತಿದ್ರು ಹೇಳ್ರಿ? ಹೊಲ ಎಷ್ಟು ಎಕರೆ, ನೀರು ಹೊಳೀದೋ ಬೋರಿಂದೋ, ಕಬ್ಬು ಯಾವ ಫ್ಯಾಕ್ಟರಿಗೆ ಹೋಗ್ತದೆ, ಇಷ್ಟು. ಹುಡುಗ ಕುಡೀತಾನೋ ಇಲ್ಲೋ ಅನ್ನೋದನ್ನ ಹುಡುಗಿಯ ಸೋದರಮಾವ ಆ ಊರಿನ ಚಾದಂಗಡಿಯಲ್ಲಿ ಎರಡು ತಾಸು ಕೂತು ತಿಳಕೊಂಡು ಬರ್ತಿದ್ದ. ಈಗ ಮಾವಂದಿರ ಕೆಲಸ ಇನ್ನೂ ಸಲೀಸು. 2025ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಮುರ್ತಿಜಾಪುರದಲ್ಲಿ ಹುಡುಗಿ ಕಡೆಯ ಮಾವನೊಬ್ಬ ಹುಡುಗನ ಸಿಬಿಲ್ ತೋರಿಸ್ರಿ ಅಂದ, ತೋರಿಸಿದರು, ಸಂಬಂಧ ಅಲ್ಲಿಗೇ ಮುರೀತು. ಪೇಪರಿನಲ್ಲಿ ಬಂದಿತ್ತು, ನೀವೂ ಓದಿರಬೇಕು. ನಮ್ಮ ಓಣಿಯಲ್ಲಿ ಆ ಸುದ್ದಿ ಕೇಳಿ ಗಂಡಸರು ನಕ್ಕರು. ಹೆಂಗಸರು ಮಾತ್ರ ನಗಲಿಲ್ಲ, ಯಾಕೋ.

ಸಿಬಿಲ್ ಅಂದ್ರೇನು ಅಂತ ನಿಮಗೆ ಬಿಡಿಸಿ ಹೇಳೋದೇನಿಲ್ಲ ಬಿಡಿ. 300ರಿಂದ 900ರವರೆಗಿನ ಒಂದು ಅಂಕಿ. 750 ದಾಟಿದವರಿಗೆ ಬ್ಯಾಂಕಿನಲ್ಲಿ ಖುರ್ಚಿ, ಕೆಳಗಿದ್ದವರಿಗೆ 'ಸೋಮವಾರ ಬರ್ರಿ'. ಅಷ್ಟೇ ಅಲ್ವಾ? ಆದರೆ ನಮ್ಮ ಕಂಪೌಂಡಿನಾಚೆಯ ಮಾಸ್ತರ ಕಾಕಾನಿಗೆ ಇದರ ಮೇಲೆ ಬೇರೆಯೇ ಸಿಟ್ಟು. ಆಸಾಮಿ ಜೀವಮಾನದಲ್ಲಿ ಯಾರ ಹತ್ತಿರವೂ ಐದು ರೂಪಾಯಿ ಕೈಗಡ ತಗೊಂಡವರಲ್ಲ. ಮೊಮ್ಮಗ ಮೊಬೈಲಿನಲ್ಲಿ ತೆಗೆದು ನೋಡಿದರೆ ಅವರ ಸಿಬಿಲ್ ಮೈನಸ್ ಒಂದು! ಸಾಲವನ್ನೇ ಮಾಡದವರಿಗೆ ಸಾಲದ ಇತಿಹಾಸ ಇರೋದಿಲ್ಲ, ಅದಕ್ಕೆ ಹಾಗೆ ತೋರಿಸ್ತಾರೆ. ಕಾಕಾ ಕೇಳಬೇಕಲ್ಲ. "ಇಷ್ಟು ವರ್ಷ ಸಾಲ್ಯಾಗ ಮಾರ್ಕ್ಸ್ ಹಾಕೀನಿ, ಎಂಥಾ ದಡ್ಡಗೂ ಸೊನ್ನೀಕಿಂತ ಕೆಳಗ ಇಳಿಸಿಲ್ಲಪಾ ನಾ. ಇವರು ಯಾವ ಸಾಲಿ ಕಲತಾರ?" ಅಂತ ಗೋಡೆ ಮೇಲೆ ಮೊಳಕೈ ಊರಿ ಒಂದು ವಾರ ಅದನ್ನೇ ಹೇಳಿದರು.

ಇರಲಿ, ಮದುವೆಗೆ ಮೊದಲು ನೋಡೋ ಸಿಬಿಲ್ ಬೇರೆ. ಮದುವೆಯಾಗಿ ಹತ್ತು ಹದಿನೈದು ವರ್ಷ ಸಂಸಾರ ಮಾಡಿದ ಮೇಲೆ ಗಂಡ ಹೆಂಡತಿ ಇಬ್ಬರದ್ದೂ ಒಂದೇ ದಿನ, ಒಂದೇ ಮೇಜಿನ ಮೇಲೆ ತೆಗೆದಿಟ್ಟು ನೋಡೋ ಪ್ರಸಂಗ ಬರ್ತದಲ್ಲ, ಮಜಾ ಇರೋದು ಅಲ್ಲಿ. ಹೋದ ವರ್ಷ ಕಾಕಾನ ತಂಗಿಯ ಮಗ, ಸೊಸೆ ಬನಹಟ್ಟಿಯಿಂದ ಬಂದಿದ್ದರು. ನೇಕಾರರ ಮನೆ. ಮುಂದೆ ನಾಲ್ಕು ಪಾವರ್‌ಲೂಮು, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಸೀರೆ ಮಾರ್ಕೆಟ್ ಬಿದ್ದು, ಮಜೂರಿ ಇಳಿದು, ಮೈತುಂಬ ಸಾಲ. ಮನೆ ಮೇಲೆ ಒಂದು ದೊಡ್ಡ ಸಾಲ ಎತ್ತಿ ಎಲ್ಲಾ ಚಿಲ್ಲರೆ ಸಾಲ ತೀರಿಸಿಬಿಡೋಣ ಅನ್ನೋ ವಿಚಾರ. ಮೊಮ್ಮಗ ಅಲ್ಲೇ ಪಡಸಾಲೆಯಲ್ಲಿ ಇಬ್ಬರದ್ದೂ ರಿಪೋರ್ಟ್ ತೆಗೆದ.

ಮೊದಲು ಅವನದು. ಮಗ್ಗದ ಸಾಲ ಬಾಕಿ ಇರೋದು ಎಲ್ಲರಿಗೂ ಗೊತ್ತಿತ್ತು. ಕೆಳಗೆ ಬಂದಂತೆ ಒಂದು ಫ್ರಿಜ್ಜಿನ ಕಂತು ಕಾಣಿಸ್ತು, ಮೂರು ಕಂತು ತಪ್ಪಿದ್ದು. ಅವರ ಮನೆಯಲ್ಲಿ ಫ್ರಿಜ್ಜೇ ಇಲ್ಲ! ಸೊಸೆ ಗಂಡನ ಮುಖ ನೋಡಿದಳು. ಅವನು ಛತ್ತು ನೋಡಿದ. ಆಮೇಲೆ ಬಾಯಿಬಿಟ್ಟ, ಗೆಳೆಯನೊಬ್ಬನಿಗೆ ತನ್ನ ಹೆಸರಿನಲ್ಲಿ ಕೊಡಿಸಿದ್ದನಂತೆ. ಇನ್ನೂ ಕೆಳಗೆ ಒಂದು ಜಾಮೀನು. ಜಾಮೀನು ಅಂದರೆ ಬರೀ ಸಹಿ ಅಂತ ನಮ್ಮವರ ತಿಳಿವಳಿಕೆ. 1872ರ ಕರಾರು ಕಾಯ್ದೆಯಲ್ಲಿ ಸಾಲ ತಗೊಂಡವನಿಗೆ ಎಷ್ಟು ಹೊಣೆಯೋ ಜಾಮೀನು ನಿಂತವನಿಗೂ ಅಷ್ಟೇ ಅಂತ ಆಗಲೇ ಬರೆದಿಟ್ಟಿದ್ದಾರೆ. ಅವನು ಕಟ್ಟದಿದ್ದರೆ ಇವನ ರಿಪೋರ್ಟಿಗೂ ಕಲೆ ಬೀಳ್ತದೆ.

ಆಮೇಲೆ ಅವಳದು ಬಂತು. ಗಂಡ ಆಗ ಸ್ವಲ್ಪ ಮುಂದಕ್ಕೆ ಸರಿದು ಕೂತ. ಒಂದು ಸಂಘದ ಸಾಲ, ಎರಡನೇ ಸಂಘದ್ದು, ಮೂರನೇದು. ಮೊದಲನೇ ಸಂಘದ ವಾರದ ಕಂತು ತುಂಬೋಕೆ ಎರಡನೇದು, ಎರಡನೇದಕ್ಕೆ ಮೂರನೇದು. "ಇದೇನ ಇದು?" ಅಂದ ಅವನು. "ನೂಲಿನ ರೊಕ್ಕಾ ತುಂಬಬೇಕು, ಎಲ್ಲಿಂದರ ಹೊಂದಿಸು ಅಂದವರು ಯಾರು?" ಅಂದಳು ಅವಳು. ಕಾಕಾ ನಡುವೆ ಬಾಯಿ ಹಾಕಿ, "ಚಾ ಇಡವಾ ಯಾರರ" ಅಂದರು. ಕುಂಡಲಿ ಕೂಡಿಸಿ ಮಾಡಿದ ಮದುವೆ ಅದು, ಮೂವತ್ತೆರಡು ಗುಣ ಕೂಡಿದ್ದವಂತೆ.

ಅಂದ ಹಾಗೆ ಗಂಡ ಹೆಂಡತಿಗೆ ಸೇರಿ ಒಂದು ಸಿಬಿಲ್ ಅಂತ ಇಲ್ಲ, ಅವರವರ ಪ್ಯಾನಿಗೆ ಅವರವರ ಅಂಕಿ. ಗಂಡ ಮುಳುಗಿದ ಅಂತ ಹೆಂಡತಿಯ ಅಂಕಿ ತಾನಾಗಿ ಇಳಿಯೋದಿಲ್ಲ, ಅವಳು ಸಹಿ ಮಾಡಿರದಿದ್ದರೆ. ಆದರೆ ಸಂಘದ ಸಾಲದ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ಇಬ್ಬರನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದೆ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಆ ಕುಟುಂಬದ ವರ್ಷದ ಆದಾಯ 3 ಲಕ್ಷದೊಳಗಿದ್ದರೆ ಅಡವಿಲ್ಲದ ಮೈಕ್ರೊಫೈನಾನ್ಸ್ ಸಾಲ. ಎಲ್ಲರ ಎಲ್ಲಾ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಕಾಗದದ ಮೇಲೆ ಚಂದ ಇದೆ, ಅಲ್ವಾ? ಮೂರು ಸಂಘದವರು ಮೂರು ವಾರದಲ್ಲಿ ಬಂದು ಹೋದ ಮನೆಯಲ್ಲಿ ಆ ಅರ್ಧದ ಲೆಕ್ಕ ಯಾರು ಹಾಕಿದರೋ! ಕೊನೆಗೆ ವಸೂಲಿಯವರ ಕಾಟ ಹೆಚ್ಚಾಗಿ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು.

ಹೊಲದವರ ಕಥೆ ಇನ್ನೊಂದು ಥರ. ಕಬ್ಬು ಫ್ಯಾಕ್ಟರಿಗೆ ಹೋದ 14 ದಿನದೊಳಗೆ ಬಿಲ್ಲು ಕೊಡಬೇಕು, ತಡವಾದರೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ ಸೇರಿಸಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳ್ತದೆ. ಮುಧೋಳ ಜಮಖಂಡಿ ಕಡೆ ಈ 14 ದಿನದ ಮಾತು ಎತ್ತಿ ನೋಡಿ, ಕಟ್ಟೆ ಮೇಲೆ ಕೂತವರು ಯಾವ ಥರ ನಗ್ತಾರೆ ಅಂತ. ಬಿಲ್ಲು ಬರೋದು ಫ್ಯಾಕ್ಟರಿಯ ಮರ್ಜಿ, ಟ್ರ್ಯಾಕ್ಟರಿನ ಕಂತು ಮಾತ್ರ ಐದನೇ ತಾರೀಖು ಅಂದರೆ ಐದನೇ ತಾರೀಖೇ. ಸಿಬಿಲ್‌ಗೆ ಫ್ಯಾಕ್ಟರಿಯ ತಪ್ಪು ಕಾಣೋದಿಲ್ಲ, ನಿಮ್ಮ ಕಂತು ತಪ್ಪಿದ್ದೊಂದೇ ಕಾಣ್ತದೆ.

ಹೀಗೆ ಗಂಡ ಹೆಂಡತಿ ಇಬ್ಬರ ಸಿಬಿಲ್ಲೂ ಬಿದ್ದ ಮೇಲೆ ಬಾಯಿಗೆ ಬರೋ ಮಾತು ಒಂದೇ. "ಮನಿ ಐತೆಲ್ರೀ, ಎಲ್ಲಿ ಓಡಿ ಹೋಗತೈತಿ?" ಮನೆ ಓಡಿ ಹೋಗೋದಿಲ್ಲ, ಖರೆ. ಆದರೆ ಬ್ಯಾಂಕಿನವನು ಮೊದಲು ನೋಡೋದು ಮನೆಯನ್ನಲ್ಲ, ಮನೆಯೊಳಗಿನವರನ್ನ. ಇಬ್ಬರದ್ದೂ ಬಿದ್ದಿದೆ ಅಂದರೆ ದೊಡ್ಡ ಬ್ಯಾಂಕಿನವನು ನಯವಾಗಿ ಕೈ ಮುಗೀತಾನೆ. ಆಮೇಲೆ ಸಿಗೋರು ಸಣ್ಣ ಫೈನಾನ್ಸ್ ಕಂಪನಿಯವರು. ಅವರು ಮನೆ ಬೆಲೆಯ ಸುಮಾರು ಅರ್ಧ ಕೊಡ್ತೀವಿ ಅಂತಾರೆ, ಬಡ್ಡಿ ಮಾತ್ರ ಮನೆ ಕಟ್ಟೋ ಸಾಲಕ್ಕಿಂತ ಎಷ್ಟೋ ಮೇಲೆ. ಮನೆ ಪಕ್ಕದಲ್ಲೇ ನಾಲ್ಕು ಎಕರೆ ಕಬ್ಬಿನ ಹೊಲ ಇದ್ದರೂ ಅವರ ಕಣ್ಣು ಮನೆ ಮೇಲೇ. ಯಾಕೆ ಗೊತ್ತೇನ್ರಿ? ಅಡವಿಟ್ಟ ಆಸ್ತಿ ಜಪ್ತಿ ಮಾಡೋ 2002ರ ಸರ್ಫೇಸಿ ಕಾಯ್ದೆಯಲ್ಲಿ ಕೃಷಿ ಜಮೀನನ್ನ ಹೊರಗಿಟ್ಟಿದ್ದಾರೆ. ಮನೆಗೆ ಆ ರಿಯಾಯಿತಿ ಇಲ್ಲ. 90 ದಿನ ಕಂತು ನಿಂತರೆ ಸಾಲ ಕೆಟ್ಟಿತು ಅಂತ ಲೆಕ್ಕ, ಆಮೇಲೆ 60 ದಿನದ ನೋಟಿಸು, ಅದೂ ಮುಗಿದರೆ ಕೋರ್ಟು ಕಟ್ಟೆ ಹತ್ತದೆಯೇ ಜಪ್ತಿಗೆ ದಾರಿ.

ಇಷ್ಟಾದ ಮೇಲೂ ಕಾಗದಪತ್ರದ ಪುರಾಣ ಬಾಕಿ ಇದೆ. ನಮ್ಮ ಅಜ್ಜನ ಮನೆಯ ಖರೀದಿ ಪತ್ರ ನೆನಪಾಯ್ತು ನೋಡಿ. ಜಮಖಂಡಿ ಆಗ ಪಟವರ್ಧನರ ಸಂಸ್ಥಾನ, ಭಾರತಕ್ಕೆ ಸೇರಿದ್ದು 1948ರಲ್ಲಿ. ದಫ್ತರವೆಲ್ಲಾ ಮರಾಠಿ, ಅದೂ ಮೋಡಿ ಲಿಪಿ. ಅಪ್ಪ ಒಮ್ಮೆ ಸಾಲಕ್ಕೆ ಅಂತ ಆ ಪತ್ರ ತೆಗೆದುಕೊಂಡು ವಕೀಲರ ಹತ್ತಿರ ಹೋದರೆ ಅವರು ಅದನ್ನ ತಲೆಕೆಳಗು ಹಿಡಕೊಂಡು ಐದು ನಿಮಿಷ ಗಂಭೀರವಾಗಿ ನೋಡಿದರಂತೆ. ಮೋಡಿ ಓದಬಲ್ಲ ಒಬ್ಬ ಮುದುಕರನ್ನ ಎಲ್ಲಿಂದಲೋ ಹುಡುಕಿ ತಂದರು. ಅವರು ಕನ್ನಡಕ ಒರೆಸಿ ಓದ್ತಾ ಓದ್ತಾ ಚಕ್ಕುಬಂದಿಗೆ ಬಂದರು: ಪೂರ್ವಕ್ಕೆ ಬೇವಿನ ಗಿಡ, ಪಶ್ಚಿಮಕ್ಕೆ ಎಣ್ಣಿಗಾಣ, ಉತ್ತರಕ್ಕೆ ದಾರಿ. ಬೇವಿನ ಗಿಡ ಅಪ್ಪ ಹುಟ್ಟೋ ಮೊದಲೇ ಬಿದ್ದಿತ್ತು. ಗಾಣದ ಜಾಗದಲ್ಲಿ ಆಗ ಝೆರಾಕ್ಸ್ ಅಂಗಡಿ. "ಗಿಡ ಎಲ್ಲೈತಿ ತೋರಸ್ರಿ" ಅಂತ ವಕೀಲರು ಕೇಳಿದ್ದಕ್ಕೆ ಅಜ್ಜಿ, "ಅದರ ತೊಲಿ ನಮ್ಮ ಅಡಗಿ ಮನಿ ಮ್ಯಾಲ ಐತಿ, ನೋಡಿ ಹೋಗ್ರಿ" ಅಂದಿದ್ದಳು. ಅದೇ ಪತ್ರದ ಬೆನ್ನ ಮೇಲೆ ಅಜ್ಜ ಅತ್ತೆಯ ಮದುವೆಗೆ ಅಂತ ಅರ್ಧ ಮನೆ ಗಹಾಣ ಇಟ್ಟು ಬಿಡಿಸಿಕೊಂಡ ಬರಹವೂ ಇತ್ತು. ಅರ್ಧ ಮನೆ ಯಾವುದು, ಮುಂದಿನದೋ ಹಿಂದಿನದೋ ಅಂತ ಮನೆಯವರೆಲ್ಲಾ ಆ ರಾತ್ರಿ ವಾದ ಮಾಡಿದ್ದರು. ತೀರಿಹೋದ ಸಾಲಕ್ಕೆ ಅಷ್ಟು ವಾದ!

ಈಗ ಮೋಡಿ ಹೋಗಿ ಸಿಟಿಎಸ್ ಉತಾರ ಬಂದಿದೆ, ಊರ ಹೊರಗಾದರೆ ಪಂಚಾಯ್ತಿಯ ಇ-ಸ್ವತ್ತು. ಅದರಲ್ಲೂ ಹೆಸರು ಬಹಳ ಮನೆಗಳಲ್ಲಿ ತೀರಿಹೋದ ಅಪ್ಪಂದೇ. ವಾರಸಾ ಮಾಡಿಸೋಕೆ ಹೋದರೆ ಅಕ್ಕ ತಂಗಿಯರ ಸಹಿ ಬೇಕು. ಹಿಂದೂ ವಾರಸಾ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ನಮ್ಮ ಕಡೆ ಅಣ್ಣಂದಿರು ಇದಕ್ಕೆ ಪಂಚಮಿ ಹಬ್ಬ ಕಾಯ್ತಾರೆ. ತಂಗಿ ತವರಿಗೆ ಬಂದು, ಜೋಕಾಲಿ ಆಡಿ, ಶೇಂಗಾ ಉಂಡಿ ಕೈಯಲ್ಲಿ ಹಿಡಿದಾಗ ಮೆಲ್ಲಗೆ ಸ್ಟಾಂಪ್ ಪೇಪರ್ ಹೊರಗೆ ಬರ್ತದೆ. ಈಗಿನ ತಂಗಿಯರೂ ಕಡಿಮೆ ಇಲ್ಲ ಬಿಡ್ರಿ. ಮುಧೋಳಕ್ಕೆ ಕೊಟ್ಟ ಒಬ್ಬಳು ಉಂಡಿ ಪೂರ್ತಿ ತಿಂದು, ನೀರು ಕುಡಿದು, "ನಮ್ಮನಿಯವರನ್ನ ಕೇಳಿ ಹೇಳತೀನಿ ಅಣ್ಣಾ" ಅಂತ ಬಸ್ ಹತ್ತಿದಳಂತೆ.

ಉತಾರದಲ್ಲಿ ಗಂಡನ ಹೆಸರಿದ್ದರೆ ಹೆಂಡತಿಯನ್ನೂ ಸಾಲದ ಅರ್ಜಿಯಲ್ಲಿ ಸೇರಿಸ್ತಾರೆ, ಅವಳ ಹೆಸರಿದ್ದರೆ ಅವನನ್ನ. ಇಬ್ಬರ ಹೆಸರೂ ಇದ್ದರಂತೂ ಕೇಳೋದೇ ಬೇಡ. ಹಾಗಾಗಿ 'ನಂದು ಕೆಟ್ಟೈತಿ, ಆಕಿ ಹೆಸರಿಲೆ ಮಾಡೋಣ' ಅನ್ನೋ ಜಾಣತನ ಬಹಳ ದೂರ ಹೋಗೋದಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರಕ್ಕೆ ಅವಳು ಮನೆ ಯಜಮಾನಿ, ಉತಾರಕ್ಕೆ ಮಾತ್ರ ಅವನೇ ಯಜಮಾನ. ಸಾಲದ ಕಾಗದಕ್ಕೆ ಇಬ್ಬರೂ ಯಜಮಾನರು, ಅದೊಂದು ಸಮಾನತೆ.

ಬನಹಟ್ಟಿಯ ಆ ಮನೆಗೆ ಕಂಪನಿಯವರು ಬೆಲೆ ಕಟ್ಟೋಕೆ ಒಬ್ಬ ಹುಡುಗನನ್ನ ಕಳಿಸಿದ್ದರು. ಕಾಕಾನೂ ಹೋಗಿದ್ದರು, ಬಂದು ನನಗೆ ಕಥೆ ಹೇಳಿದರು. ಟೇಪು ಹಿಡಿದು ಬಂದವನಿಗೆ ಮಗ್ಗದ ಸದ್ದಿನಲ್ಲಿ ಏನೂ ಕೇಳ್ತಿಲ್ಲ. "ಇದು ಮನೆಯಾ, ಫ್ಯಾಕ್ಟರಿಯಾ?" ಅಂತ ಕೂಗಿದ. "ಮುಂಜಾನೆ ಫ್ಯಾಕ್ಟರಿ, ರಾತ್ರಿ ಮನಿ" ಅಂತ ಇವನೂ ಕೂಗಿದ. ಮಗ್ಗ ನಿಲ್ಲಿಸಿದ ಮೇಲೆ ಅಳತೆ ಶುರು. ಗೋಡೆ ಎಷ್ಟು ದಪ್ಪ, ಚಾವಣಿ ಪತ್ರಾನೋ ಸ್ಲ್ಯಾಬೋ, ಕಕ್ಕಸು ಒಳಗೋ ಹೊರಗೋ. ಕಂಡಿಕೆ ಬುಟ್ಟಿ ಅವನ ಕಾಲು ತಾಗಿ ಉರುಳಿ ನೂಲೆಲ್ಲಾ ಟೇಪಿಗೆ ಸುತ್ತಿಕೊಂಡು ಅದನ್ನ ಬಿಡಿಸೋಕೇ ಕಾಲು ತಾಸು ಹಿಡೀತಂತೆ. ಕೊನೆಗೆ ಗಂಡ ಹೆಂಡತಿ ಇಬ್ಬರೂ ಬಾಗಿಲ ಮುಂದೆ ನಿಲ್ಲಬೇಕು, ಫೋಟೋ. ಅವಳು ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು ಬಂದಳು. "ದಿನಾ ಸೀರಿ ನೇಯೋರು, ಫೋಟೋಕ್ಕ ಇನ್ನೊಬ್ಬರು ನೇಯ್ದದ್ದು" ಅಂತ ಕಾಕಾ ಈಗಲೂ ನಗ್ತಾರೆ. ಮದುವೆಯ ನಂತರ ಇಬ್ಬರೂ ಸೇರಿ ತೆಗೆಸಿಕೊಂಡ ಫೋಟೋ ಅದೇ ಮೊದಲಂತೆ. ಕಂಪನಿಯವರು ಕಾಪಿ ಕೊಡಲಿಲ್ಲ ಅಂತ ಅವಳಿಗೆ ಬೇಜಾರು.

ಅವರಿಗಾದರೂ ಉತಾರ ಇತ್ತು. ಅದೇ ಊರಿನ ನೇಕಾರ ಕಾಲೊನಿಗಳಲ್ಲಿ ಉತಾರ ನಮ್ಮ ಹೆಸರಿಗೆ ಮಾಡಿಕೊಡ್ರಿ ಅನ್ನೋ ಬೇಡಿಕೆ ಹಳೇದು. ಬೀಳಗಿ ಕಡೆ ಹೋದರೆ ಇನ್ನೂ ವಿಚಿತ್ರ. ಅಲ್ಲಿ ನಮ್ಮ ಬೀಗರೊಬ್ಬರ ಮನೆ ಇದೆ, ಕಲ್ಲಿನ ಮನೆ, ಎತ್ತಿನ ಬಂಡಿ ಒಳಗೆ ಹೋಗುವಷ್ಟು ಬಾಗಿಲು. ಆಲಮಟ್ಟಿ ಆಣೆಕಟ್ಟು 519.6 ಮೀಟರಿನಿಂದ 524.256ಕ್ಕೆ ಏರಿದರೆ ಮುಳುಗೋ ಪಟ್ಟಿಯಲ್ಲಿ ಆ ಊರು. ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಏರಿಸ್ರಿ ಅಂದಿದೆ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಅಂತ ಪರಿಹಾರವನ್ನೂ ನಿಗದಿ ಮಾಡಿದೆ. ಬೀಗರು ಹೇಳೋದು ಕೇಳ್ರಿ: "ಮನಿ ನಿಂತೈತಿ ಅಂದ್ರ ಬ್ಯಾಂಕಿನ್ಯಾಂವ ಮುಳಗತೈತಿ ಅಂತಾನ. ಮುಳಗತೈತಿ ರೊಕ್ಕಾ ಕೊಡ್ರಿ ಅಂದ್ರ ಸರಕಾರದವರು ಇನ್ನೂ ನಿಂತೈತೆಲ್ಲ ಅಂತಾರ." ಇದಕ್ಕೆ ನಾವೇನು ಹೇಳೋದು?

ಮುಧೋಳದ ಬಗ್ಗೆ ಹೇಳದಿದ್ದರೆ ಆ ಊರಿನವರು ಸಿಟ್ಟಾಗ್ತಾರೆ. ಅಲ್ಲಿ ಮನೆಗಿಂತ ನಾಯಿ ಮೇಲೆ ಸಾಲ ಕೊಟ್ಟರೆ ಪಾಡಿತ್ತು ಅಂತ ಒಬ್ಬರು ತಮಾಷೆ ಮಾಡಿದರು. ಮುಧೋಳ ನಾಯಿಗೆ 2005ರಲ್ಲಿ ಅಂಚೆ ಚೀಟಿಯೇ ಬಂದಿದೆ, ಅದಕ್ಕಿಂತ ದೊಡ್ಡ ಸ್ಕೋರು ಬೇಕೇನು? ಅದೇ ಊರಿನ ಬಸ್‌ಸ್ಟ್ಯಾಂಡಿನ ಎದುರು ಇನ್ನೊಬ್ಬ ಸಿಕ್ಕಿದ್ದ, 'ಐದು ಸಾವಿರ ಕೊಟ್ಟರ ಸಿಬಿಲ್ ತೊಳದು ಕೊಡತೀನಿ' ಅನ್ನೋವನು. ದುಡ್ಡು ಕೊಟ್ಟು ಅಳಿಸೋ ಹಾಗಿದ್ದರೆ ಮೊದಲು ಅವನದೇ ಅಳಿಸಿಕೊಳ್ತಿದ್ದ! ಖರೆ ಇದ್ದ ಬಾಕಿ ಯಾರೂ ಅಳಿಸೋದಿಲ್ಲ. ತಪ್ಪು ಬರೆದಿದ್ದರೆ ಪುಕ್ಕಟೆ ದೂರು ಕೊಡಬಹುದು; 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಸಿಬಿಲ್‌ನವರೋ ಬ್ಯಾಂಕಿನವರೋ ನಿಮಗೆ ಕೊಡಬೇಕು ಅಂತ 2024ರ ಏಪ್ರಿಲ್‌ನಿಂದ ನಿಯಮ ಇದೆ. ಇನ್ನು ಅರ್ಧ ಕಟ್ಟಿ ರಾಜಿ ಮಾಡಿಕೊಂಡ ಸಾಲ ಇದೆಯಲ್ಲ, ಅದು ರಿಪೋರ್ಟಿನಲ್ಲಿ 'ಕ್ಲೋಸ್ಡ್' ಅಂತ ಬರೋದಿಲ್ಲ, 'ಸೆಟಲ್ಡ್' ಅಂತ ಬರ್ತದೆ. ಬ್ಯಾಂಕಿನವನ ಕಣ್ಣಿಗೆ ಎರಡಕ್ಕೂ ಬಹಳ ಅಂತರ.

ಬನಹಟ್ಟಿ ಜೋಡಿ ಕೊನೆಗೆ ಏನು ಮಾಡಿದರು ಅಂತೀರಾ? ಮನೆ ಬರೆದುಕೊಡಲಿಲ್ಲ. ಕಂಪನಿಯವನ ಬಡ್ಡಿ ಕೇಳಿ ಅವಳೇ ಬೇಡ ಅಂದಳು. ಅತ್ತೆಯ ಬೋರಮಾಳ ಅಡವಿಟ್ಟು ಎರಡು ಸಂಘದ್ದು ಚುಕ್ತಾ ಮಾಡಿದರು. ಸಣ್ಣ ಬಂಗಾರದ ಸಾಲಕ್ಕೆ ಸಿಬಿಲ್ ಅಷ್ಟಾಗಿ ಅಡ್ಡ ಬರೋದಿಲ್ಲ. ಎರಡೂವರೆ ಲಕ್ಷದೊಳಗೆ ಬಂಗಾರದ ಬೆಲೆಯ 85 ಪರ್ಸೆಂಟ್ ತನಕ ಕೊಡಬಹುದು ಅಂತ 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿಯಮವನ್ನೂ ಮಾಡಿತು. ಅವನು ಫ್ರಿಜ್ಜಿನ ಗೆಳೆಯನ ಮನೆಗೆ ಹೋಗಿ ಕೂತ. ಗೆಳೆಯ ದುಡ್ಡು ಕೊಡಲಿಲ್ಲ, ಫ್ರಿಜ್ ಕೊಟ್ಟ. ಈಗ ಅದು ಇವರ ಮಗ್ಗದ ಪಕ್ಕ ನಿಂತಿದೆ, ಅದರ ಮೇಲೆ ಕಂಡಿಕೆ ಬುಟ್ಟಿ. ನನ್ನ ಕೇಳಿದರೆ ಅವಳು ಮಾಡಿದ್ದೇ ಸರಿ. ಇಬ್ಬರ ಅಂಕಿಯೂ ನೆಲ ಕಚ್ಚಿದಾಗ ಸಿಗೋ ಮನೆ ಸಾಲ ತುಟ್ಟಿ ಸಾಲ. ಒಂದು ವರ್ಷ ಕಂತು ನೆಟ್ಟಗೆ ಕಟ್ಟಿ ಇಬ್ಬರಲ್ಲಿ ಒಬ್ಬರದಾದರೂ ಮೇಲೆತ್ತಿಕೊಂಡು ಹೋದರೆ ಅದೇ ಮನೆಗೆ ಬೇರೆ ಬಡ್ಡಿ ಹೇಳ್ತಾರೆ.

ಆಗಲೇ ಮನೆ ಬರೆದುಕೊಟ್ಟವರಿಗೆ ಒಂದು ಮಾತು ಹೇಳಿ ಚಾ ಕುಡೀತೀನಿ, ಒಳಗಿಂದ ಕರೀತಿದ್ದಾರೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮನೆಯ ಮೂಲಪತ್ರ ಕೈಗೆ ಕೊಡಬೇಕು, ತಡಮಾಡಿದರೆ ದಿನಕ್ಕೆ 5,000 ರೂಪಾಯಿ ದಂಡ ಕಟ್ಟಿಕೊಡಬೇಕು ಅಂತ 2023ರ ಡಿಸೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ಕಟ್ಟಪ್ಪಣೆ. ನಾಚಿಕೆ ಬಿಟ್ಟು ಕೇಳ್ರಿ. ಪತ್ರ ಬಂತು ಅಂತ ಸುಮ್ಮನೆ ಕೂಡಬೇಡ್ರಿ, ಉತಾರದ ಮೇಲಿನ ಬೋಜಾ ತಾನಾಗಿ ಹೋಗೋದಿಲ್ಲ. ಬ್ಯಾಂಕಿನ ಪತ್ರ ಹಿಡಕೊಂಡು ಕಚೇರಿಗೆ ಹೋಗಿ ಅದೇ ತಿಂಗಳು ಕಡಿಮೆ ಮಾಡಿಸ್ರಿ, ಗಂಡ ಹೆಂಡತಿ ಇಬ್ಬರೂ ಹೋಗ್ರಿ.